ತೌನೊ ವಲಸೆ ಹೋದದ್ದು

ಮದುವೆಯಾಗಿ ಮೂವತ್ತೊಂದು ವರ್ಷವಾಗಿತ್ತು. ತಾನು ಮನೆಗೆ ಬಂದಾಗ ಹೆಂಡತಿ ಒಂದು ದಿನವೂ ಬಾಗಿಲಿಗೆ ಓಡಿ ಬಂದಿಲ್ಲ ಎನ್ನುವುದು ತೌನೊನ ಕೊರಗಾಗಿತ್ತು. ಓಡುವುದು ಹಾಗಿರಲಿ, ನಡೆದೂ ಬಂದಿಲ್ಲ. ಕೂತಲ್ಲಿಂದ ಕತ್ತು ತಿರುಗಿಸಿದ್ದರೂ ಬಡಪಾಯಿಗೆ ಅದೇ ಒಂದು ಮೆರವಣಿಗೆಯಾಗುತ್ತಿತ್ತು, ಅದೂ ಇಲ್ಲ. ಹೆಂಡತಿಯ ಹೆಸರು ಲೆಂಪಿ. ಲೆಂಪಿ ಎಂದರೆ ನಮ್ಮ ಬಡಗಣ ನಾಡಿನ ಮಾತಿನಲ್ಲಿ ಒಲವು ಎಂದರ್ಥ. (ಹೆಸರಿಟ್ಟವರು ಅವಳ ತಂದೆತಾಯಿ. ತೌನೊನನ್ನು ಯಾರೂ ಕೇಳಿರಲಿಲ್ಲ.)

ಹಾಗೆಂದು ಲೆಂಪಿ ಕೆಟ್ಟವಳಲ್ಲ. ಗಂಡನಿಗೆ ಉಣ್ಣೆಯ ಕಾಲುಚೀಲ ಹೆಣೆಯುತ್ತಾಳೆ, ಗುರುವಾರ ಬಟಾಣಿ ಸಾರು ಮಾಡುತ್ತಾಳೆ, ಶನಿವಾರ ತಪ್ಪದೆ ಹಬೆಸ್ನಾನದ ಸೌನಾ ಕಾಯಿಸುತ್ತಾಳೆ. ಮಾತಿನಲ್ಲಿ ಮಾತ್ರ ಮಹಾ ಜಿಪುಣಿ. ಎರಡು ವರ್ಷದ ಹಿಂದೆ ತೌನೊ ತುರ್ಕು ಪಟ್ಟಣದ ಆಸ್ಪತ್ರೆಯಲ್ಲಿ ಪಿತ್ತಕೋಶದ ಕಲ್ಲು ತೆಗೆಸಿಕೊಂಡು, ಹನ್ನೊಂದು ದಿನದ ಮೇಲೆ, ಹೊಟ್ಟೆ ಹಿಡಿದುಕೊಂಡು, ಹುಲ್ಲಿನ ಮೇಲೆ ನಡೆಯುವ ಕೊಕ್ಕರೆಯ ಹಾಗೆ ಹೆಜ್ಜೆ ಎತ್ತಿಡುತ್ತ ಮನೆಗೆ ಬಂದ. ಬಾಗಿಲು ತೆರೆದ. ಒಲೆಯ ಕಡೆಗೆ ಮುಖ ಮಾಡಿ ನಿಂತಿದ್ದ ಲೆಂಪಿ ತಿರುಗದೆಯೇ ಕೇಳಿದಳು:

“ಬಂದ್ಯಾ? ಬರೋ ದಾರೀಲಿ ಹಾಲು ತರ್ಬಾರ್ದಿತ್ತಾ?”

ಹೊಟ್ಟೆಗೆ ಹದಿನಾಲ್ಕು ಹೊಲಿಗೆ ಹಾಕಿಸಿಕೊಂಡ ಮನುಷ್ಯ ಹಾಗೇ ತಿರುಗಿ ಹಾಲಿಗೆ ಹೋದ.

ಇಷ್ಟೇ ಆಗಿದ್ದರೆ, ‘ನನ್ನ ಹೆಂಡತಿಯ ಸ್ವಭಾವವೇ ಹೀಗೆ, ಅವಳಿಗೆ ಓಡಲು ಬರುವುದಿಲ್ಲ’ ಎಂದು ತೌನೊ ಸಮಾಧಾನಪಟ್ಟುಕೊಳ್ಳುತ್ತಿದ್ದ. ಆದರೆ ಲೆಂಪಿಗೆ ಓಡಲು ಚೆನ್ನಾಗಿ ಬರುತ್ತಿತ್ತು. ವರ್ಷಕ್ಕೊಂದು ದಿನ ಓಡುತ್ತಿದ್ದಳು. ಮೇ ತಿಂಗಳ ನಡುವೆ ಎಂದೋ ಒಂದು ದಿನ, ರೌಮಾ ಊರಿನ ಹಳೆಯ ಮರದ ಮನೆಗಳ ಮೇಲೆ, ‘ಸ್ರೀಈಈ’ ಎಂದು ಗಾಜಿನ ಮೇಲೆ ಉಗುರು ಎಳೆದಂಥ ಒಂದು ಕಿರುಚು ಕೇಳಿಸುತ್ತದೆ. ಬಾನಾಡಿ ಹಕ್ಕಿಗಳು ಬಂದವು! ಕುಡುಗೋಲಿನ ಹಾಗೆ ಬಾಗಿದ ಕಪ್ಪು ರೆಕ್ಕೆ, ಬಾಲ ಎಂದರೆ ಬಾಲ, ಇಲ್ಲ ಎಂದರೆ ಇಲ್ಲ. ಕಾಲಂತೂ ಇದ್ದೂ ಇಲ್ಲದಂಥದ್ದು. ಆಫ್ರಿಕಾದಿಂದ ಹೊರಟು, ಎಲ್ಲೂ ನೆಲ ಮುಟ್ಟದೆ, ನೇರವಾಗಿ ಲೆಂಪಿಯ ಮನೆಯ ಸೂರಿನ ಕೆಳಗಿರುವ ಗೂಡುಪೆಟ್ಟಿಗೆಗೆ ಬರುತ್ತವೆ. ವಿಳಾಸ ತಪ್ಪುವುದಿಲ್ಲ.

ಆಗ ನೋಡಬೇಕು ಲೆಂಪಿಯನ್ನು! ಒಂದು ವರ್ಷ ಕ್ಷೌರದಂಗಡಿಯಲ್ಲಿ ತಲೆತುಂಬ ಕ್ಲಿಪ್ಪು ಸಿಕ್ಕಿಸಿಕೊಂಡು ಕೂತಿದ್ದಳು. ಕಿರುಚು ಕೇಳಿದ್ದೇ ಕೊರಳಿಗೆ ಕಟ್ಟಿದ ಬಟ್ಟೆಯ ಸಮೇತ ಬೀದಿಗೆ ಓಡಿದಳು, ಅವಳ ಹಿಂದೆ ಬಾಚಣಿಗೆ ಹಿಡಿದುಕೊಂಡು ಅಂಗಡಿಯವಳು. ಇನ್ನೊಂದು ವರ್ಷ ಪಕ್ಕದ ಮನೆಯ ಹಿಲ್ಕಾಳ ಮೊಮ್ಮಗಳ ನಾಮಕರಣದ ಸಮಾರಂಭದಲ್ಲಿ ಪಾದ್ರಿಗಳು ಎದ್ದು ನಿಂತು ಬದುಕಿನ ಅರ್ಥ ಹೇಳಲು ಬಾಯಿ ತೆರೆದಿದ್ದರು, ಲೆಂಪಿ “ಶ್ಶ್!” ಎಂದು ಪಾದ್ರಿಗಳನ್ನೇ ಗದರಿಸಿ ಕಿಟಕಿ ತೆರೆದಳು. (ಪಾದ್ರಿಗಳು ಕೂತುಕೊಂಡರು. ಬದುಕಿನ ಅರ್ಥ ಇವತ್ತಿಗೂ ಬಾಕಿ ಇದೆ.) ಮತ್ತೊಂದು ವರ್ಷ ಸೌನಾದಿಂದ ಒಂದೇ ಒಂದು ಟವೆಲಿನಲ್ಲಿ ಅಂಗಳಕ್ಕೆ ಹಾರಿಬಂದಳು. ಟವೆಲು ದೊಡ್ಡದೇನಲ್ಲ. ಕೈ ಎರಡೂ ಆಕಾಶಕ್ಕೆ ಚಾಚಿ, ಕೆಂಪು ಕೆನ್ನೆಯ ಮೇಲೆ ನೀರು ಸುರಿಯುತ್ತ, “ಬಂದ್ಯಾ ನನ್ನ ಚಿನ್ನ! ಬಂದ್ಯಾ ನನ್ನ ಬಂಗಾರ! ಎಷ್ಟು ಸೊರಗಿದ್ದೀಯಲ್ಲೋ ನನ್ನಪ್ಪಾ!” ಎಂದು ಕೂಗುತ್ತಿದ್ದಳು. ಅಷ್ಟು ಮಾತನ್ನು ತೌನೊ ಮದುವೆಯ ವರ್ಷದಿಂದ ಅದುವರೆಗೆ ಒಟ್ಟಿಗೆ ಕೇಳಿರಲಿಲ್ಲ. ಸೊರಗಿದ್ದೀಯ ಎಂದು ಅವನಿಗೆ ಯಾರೂ ಹೇಳಿದ್ದೇ ಇಲ್ಲ.

ಅಡಿಗೆಮನೆಯ ಕಪಾಟಿನ ಬಾಗಿಲ ಒಳಮೈಯಲ್ಲಿ ಲೆಂಪಿ ಬಾನಾಡಿಗಳು ಬಂದ ದಿನಗಳನ್ನು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಳು. ಇಪ್ಪತ್ತೆರಡು ವರ್ಷದ ತಾರೀಖುಗಳು. ಒಂದು ಸಲ ತೌನೊ ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗಿನ ತನಕ ಹುಡುಕಿದ; ಮದುವೆಯ ತಾರೀಖು ಎಲ್ಲೂ ಇರಲಿಲ್ಲ.

ಆ ವರ್ಷ ಏಪ್ರಿಲ್ ಕೊನೆಯ ದಿನ. ಮರುದಿನದ ಮೇ ಹಬ್ಬಕ್ಕೆಂದು ಲೆಂಪಿ ಕರಿದಿಟ್ಟ ತಿಂಡಿಯನ್ನು (ನೋಡಲು ಥೇಟ್ ಜಿಲೇಬಿ, ಪಾಕದ ಭಾಗ್ಯ ಮಾತ್ರ ಇಲ್ಲ) ತೌನೊ ಕದ್ದು ಮುರಿಯುತ್ತ ಕೂತಿದ್ದ. ಲೆಂಪಿ ಅಂಗಳದ ಕಡೆಯ ಕಿಟಕಿಯನ್ನು ಆ ವಾರದಲ್ಲಿ ಮೂರನೆಯ ಸಲ ತೊಳೆಯುತ್ತಿದ್ದಳು.

“ಎಷ್ಟು ಸಲ ಒರೆಸ್ತೀಯ ಮಾರಾಯ್ತಿ? ಬರೋರು ಕಿಟಕಿ ಒಳಗೆ ಬರಲ್ಲ, ಸೂರಿನ ಕೆಳಗೆ ಹೋಗ್ತಾರೆ.”

“ನನಗೆ ಕಾಣಿಸ್ಬೇಕಲ್ಲ. ಕಾಲೆತ್ತು, ಬಕೀಟು ಇದೆ.”

ತೌನೊ ಕಾಲೆತ್ತಿದ. “ನಾನು ಬರ್ತೀನಿ ಅಂತ ಯಾವತ್ತಾದ್ರೂ ಕಿಟಕಿ ಒರೆಸಿದ್ದೀಯಾ?”

“ನೀನು ಬಂದದ್ದು ತಿಳಿಯೋಕೆ ಕಿಟಕಿ ಯಾಕೆ? ನೀನು ಬಾಗಿಲು ಹಾಕೋ ಸದ್ದಿಗೆ ಹಿಲ್ಕಾ ಮನೇಲೂ ಲೋಟ ಅಲ್ಲಾಡುತ್ತೆ.”

“ಅಲ್ಲ ಲೆಂಪಿ, ಆ ಹಕ್ಕೀಲಿ ಅಂಥಾದ್ದೇನಿದೆ ಅಂತ?”

ಲೆಂಪಿಯ ಕೈಯಲ್ಲಿದ್ದ ಬಟ್ಟೆ ಗಾಜಿನ ಮೇಲೇ ನಿಂತಿತು. ದನಿ ಮೆತ್ತಗಾಯಿತು. “ಪಾಪ ಕಣೋ, ಆಕಾಶದಲ್ಲೇ ಊಟ, ಆಕಾಶದಲ್ಲೇ ನಿದ್ದೆ. ನೆಲ ಅನ್ನೋದೇ ಗೊತ್ತಿಲ್ಲ ಅದಕ್ಕೆ. ಅಷ್ಟು ಎತ್ತರದಲ್ಲಿದ್ದೂ ನಮ್ಮನೆ ನೆನಪಿಟ್ಟುಕೊಂಡು ಬರುತ್ತಲ್ಲ…”

ತೌನೊನಿಗೆ ಉರಿದುಹೋಯಿತು. ಮೂವತ್ತನಾಲ್ಕು ವರ್ಷ ಅವನು ರೌಮಾ ಬಂದರಿನಲ್ಲಿ ಕ್ರೇನು ನಡೆಸಿದವನು.

“ನಾನು ಎಲ್ಲಿದ್ದೆ ಹಾಗಾದ್ರೆ? ಮೂವತ್ತನಾಲ್ಕು ವರ್ಷ ಆಕಾಶದಲ್ಲೇ ಊಟ ಮಾಡಿದ್ದೀನಿ, ಕ್ರೇನಿನ ಗೂಡಲ್ಲಿ. ಒಂದೊಂದ್ಸಲ ನಿದ್ದೇನೂ ಮಾಡಿದ್ದೀನಿ! ಅಲ್ಲಿಂದ ನಮ್ಮನೆ ಚಿಮಣಿ ಕಾಣಿಸ್ತಿತ್ತು, ಗೊತ್ತಾ? ಒಂದು ದಿನ, ಒಂದೇ ಒಂದು ದಿನ ತಲೆ ಎತ್ತಿ ನೋಡಿದ್ದೀಯಾ? ಇದು ಪಕ್ಷಪಾತ ಅಲ್ಲ ಕಣೇ, ಪಕ್ಷಿಪಾತ!”

“ನೀನು ಐದು ಗಂಟೆಗೆ ಇಳಿದು ಬರ್ತಿದ್ದೆ. ಅವು ಒಂಬತ್ತು ತಿಂಗಳು ಬರಲ್ಲ.” ಲೆಂಪಿ ಬಟ್ಟೆ ಹಿಂಡಿದಳು. “ಹೋದ್ರೆ ತಾನೇ ಬರೋದು? ನೀನು ಹೋಗೋದೇ ಇಲ್ವಲ್ಲ!”

“ಹಾಗಾದ್ರೆ ನಾನೂ ವಲಸೆ ಹೋಗ್ತೀನಿ!”

“ಆಲಸಿಗೆ ಎಲ್ಲಿಯ ವಲಸೆ? ಇನ್ನೊಂದು ಕಾಲೂ ಎತ್ತು.”

ಲೆಂಪಿ ತಮಾಷೆಗೆ ಆಡಿದ ಮಾತು ತೌನೊನ ತಲೆಯಲ್ಲಿ ಬ್ರಹ್ಮಜ್ಞಾನದ ಹಾಗೆ ಹೊಳೆಯಿತು. ಹೋದರೆ ತಾನೇ ಬರೋದು! ಎಷ್ಟು ನಿಜ! ಮೂವತ್ತೊಂದು ವರ್ಷ ದಿನಾ ಕಣ್ಣೆದುರಿಗೆ ಬಿದ್ದುಕೊಂಡಿದ್ದು ತನ್ನದೇ ತಪ್ಪು. ಮನೆಯಲ್ಲಿರುವ ಕುರ್ಚಿಯನ್ನು ಯಾರು ಎದುರುಗೊಳ್ಳುತ್ತಾರೆ? ಅವನು ಮೆಲ್ಲನೆ ಕಪಾಟಿನ ಬಾಗಿಲು ತೆರೆದು ತಾರೀಖುಗಳನ್ನು ನೋಡಿದ. ಇಪ್ಪತ್ತೆರಡು ವರ್ಷದಲ್ಲಿ ಬಾನಾಡಿಗಳು ಮೇ ಹದಿನೇಳಕ್ಕಿಂತ ಮೊದಲು ಬಂದದ್ದೇ ಇಲ್ಲ. ಸರಿ, ತಾನು ಹದಿನಾರಕ್ಕೆ ಬರಬೇಕು. ಒಂದು ದಿನ ಮೊದಲು. ಕಾದು ಕಾದು ಕುದಿಯುತ್ತಿರುವ ಹೆಂಗಸಿನ ಆನಂದವೆಲ್ಲ, ಹಾಲು ಉಕ್ಕುವಾಗ ಪಾತ್ರೆ ಹಿಡಿದವನ ಹಾಗೆ, ತನ್ನ ಪಾಲಿಗೇ ಬರಬೇಕು. ಅಸಲಿ ಫಲಾನುಭವಿಗಳು ಮರುದಿನ ಬಂದು ಉಳಿದದ್ದನ್ನು ನೆಕ್ಕಿಕೊಳ್ಳಲಿ!

ಸಾವೊ ಸೀಮೆಯ ಒಂದು ಸರೋವರದ ದಂಡೆಯಲ್ಲಿ ಅವನ ಅಣ್ಣ ವಿಲ್ಯೊ ಒಬ್ಬನೇ ಇದ್ದ, ಮದುವೆಯಾಗದ ಮುದುಕ. ತನ್ನ ಆಫ್ರಿಕಾ ಅದೇ ಎಂದು ತೌನೊ ನಿಶ್ಚಯಿಸಿದ. ಮೇ ಎರಡನೆಯ ತಾರೀಖು, ಶನಿವಾರ, ಸೂಟ್‌ಕೇಸು ಹಿಡಿದು, ಗಂಟಲು ಸರಿಮಾಡಿಕೊಂಡು, ಬಾಗಿಲಲ್ಲಿ ನಿಂತ.

“ಹೊರಟೆ, ಲೆಂಪಿ.”

“ಹೂಂ. ಹೋಗ್ತಾ ಕಸದ ಚೀಲ ತಗೊಂಡು ಹೋಗು.”

ಹೀಗೆ ಆ ಮಹಾವಲಸೆ ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದು ಕೈಯಲ್ಲಿ ಆಲೂಗೆಡ್ಡೆ ಸಿಪ್ಪೆಯೊಂದಿಗೆ ಆರಂಭವಾಯಿತು.

ವಿಲ್ಯೊನ ಮನೆಯಲ್ಲಿ ಬೆಳಿಗ್ಗೆ ಮೀನಿನ ಸಾರು, ಮಧ್ಯಾಹ್ನ ಬೆಳಗಿನ ಸಾರು, ಸಂಜೆ ಮಧ್ಯಾಹ್ನದ ಸಾರು. ಸರೋವರದ ಮಂಜುಗಡ್ಡೆ ಒಡೆದು ವಾರವೂ ಆಗಿರಲಿಲ್ಲ. ತೌನೊ ಮಾತ್ರ ಮೀನು ಹಿಡಿಯಲು ದೂರ ಹೋಗಲೊಲ್ಲ. ದೋಣಿಯನ್ನು ದಡದ ಪಕ್ಕದಲ್ಲೇ ಕಟ್ಟಿಕೊಂಡು, ಫೋನು ಕೇಳಿಸುವಷ್ಟು ಹತ್ತಿರದಲ್ಲಿ ಗಾಳ ಹಾಕುತ್ತಿದ್ದ. ಹೆಂಡತಿ ಫೋನು ಮಾಡುತ್ತಾಳೆ, ‘ನೀನಿಲ್ಲದೆ ಮನೆ ಬಿಕೋ ಅನ್ನುತ್ತೆ’ ಎನ್ನುತ್ತಾಳೆ, ತಾನು ‘ಇರಲಿ ಇರಲಿ, ಸ್ವಲ್ಪ ದಿನ ತಡಕೋ’ ಎನ್ನಬೇಕು ಎಂದು ಉತ್ತರವನ್ನೂ ತಯಾರು ಮಾಡಿಟ್ಟುಕೊಂಡಿದ್ದ. ಐದು ದಿನ ಫೋನು ಬರಲಿಲ್ಲ. ಆರನೆಯ ದಿನ ಬಂತು. ತೌನೊ ಒಂದು ಕಾಲು ನೀರಿನಲ್ಲಿ ಅದ್ದಿಕೊಂಡೇ ಓಡಿದ.

“ಏಣಿ ಎಲ್ಲಿಟ್ಟಿದ್ದೀಯ?” ಎಂದಳು ಲೆಂಪಿ.

“ಸೌದೆ ಕೊಟ್ಟಿಗೆ ಹಿಂದೆ… ಯಾಕೆ?”

“ಯಾಕೆ ಅಂದ್ರೆ? ಅವು ಬಂದ ತಕ್ಷಣ ಪೆಟ್ಟಿಗೆ ಬಾಯಿ ತೆಗೀಬೇಡ್ವಾ?”

ಗುಬ್ಬಿಗಳು ಮೊದಲೇ ನುಗ್ಗಿ ಮನೆ ಮಾಡಿಕೊಳ್ಳಬಾರದೆಂದು ಗೂಡುಪೆಟ್ಟಿಗೆಯ ತೂತಿಗೆ ತೌನೊನ ಹಳೆಯ ಕಾಲುಚೀಲ ತುರುಕಿರುತ್ತಿದ್ದರು. ಬಾನಾಡಿ ಬಂದ ಗಳಿಗೆಯಲ್ಲೇ ಅದನ್ನು ಕಿತ್ತು ತೆಗೆಯಬೇಕು. ಪ್ರತಿವರ್ಷ ಏಣಿ ಹತ್ತುವುದು ತೌನೊನ ಕೆಲಸ.

“ಇನ್ನೇನಾದ್ರೂ ಇದೆಯಾ?” ಎಂದ ತೌನೊ, ಫೋನನ್ನು ಕಿವಿಗೆ ಒತ್ತಿಕೊಂಡು.

“ಇನ್ನೇನು… ಮನೆ ಯಾಕೋ ದೊಡ್ಡದಾಗಿ ಕಾಣ್ಸುತ್ತೆ,” ಎಂದು ಲೆಂಪಿ ಫೋನಿಟ್ಟಳು.

ಆ ಒಂದು ವಾಕ್ಯವನ್ನು ತೌನೊ ಮೂರು ದಿನ ಅಗಿದ. ದೊಡ್ಡದಾಗಿ ಕಾಣುತ್ತದೆ ಎಂದರೆ? ಒಳ್ಳೆಯದೋ ಕೆಟ್ಟದ್ದೋ? ಕೊನೆಗೆ ಅಣ್ಣನನ್ನೇ ಕೇಳಿದ. ಸಾವೊದವರನ್ನು ಏನಾದರೂ ಕೇಳಿದರೆ ಉತ್ತರದ ಹೊಣೆ ಕೇಳಿಸಿಕೊಂಡವನದು ಎಂಬ ಮಾತಿದೆ, ಆದರೂ ಕೇಳಿದ.

ವಿಲ್ಯೊ ಪೈಪು ಕೆರೆಯುತ್ತ ಯೋಚಿಸಿದ. “ಎರಡು ಥರ ಇರ್ಬಹುದು ತಮ್ಮ. ನೀನಿಲ್ದೆ ಬೇಜಾರು ಅಂತ ಇರ್ಬಹುದು. ಇಲ್ದಿದ್ರೆ ಜಾಗ ಆಯ್ತು ಅಂತ ಇರ್ಬಹುದು.”

“ನಿನಗೇನನ್ಸುತ್ತೆ?”

“ನನಗಾ? ನೀನು ಬಂದಾಗಿನಿಂದ ನನ್ನ ಮನೆ ಚಿಕ್ಕದಾಗಿ ಕಾಣ್ಸುತ್ತೆ.”

ಎರಡನೆಯ ವಾರ ಚಳಿ ಮರಳಿ ಬಂತು. ಮೇ ಹತ್ತಕ್ಕೆ ಹಿಮ ಬಿದ್ದು ದೋಣಿ ಬೆಳ್ಳಗಾಯಿತು. ತೌನೊ ಕಿಟಕಿಯ ಬಳಿ ನಿಂತವನು ಹಾಗೇ ನಿಂತ. ಇಷ್ಟು ಚಳಿಗೆ ಹುಳು ಎಲ್ಲಿ ಹಾರುತ್ತವೆ? ಹುಳು ಹಾರದಿದ್ದರೆ ಗಾಳಿಯಲ್ಲೇ ಉಣ್ಣುವ ಜೀವಗಳು ಏನು ತಿನ್ನಬೇಕು? ಈಗ ಎಲ್ಲಿಗೆ ಬಂದಿರಬಹುದು, ಜರ್ಮನಿಯೋ, ಡೆನ್ಮಾರ್ಕೋ? ಹೀಗೆಲ್ಲ ಯೋಚಿಸುತ್ತಿರುವುದು ತಾನೇ ಎಂದು ಅರಿವಾದಾಗ ಅವನಿಗೆ ತನ್ನ ಮೇಲೇ ಸಿಟ್ಟು ಬಂತು. ಶತ್ರುಪಕ್ಷದ ಊಟದ ಚಿಂತೆ ನನಗೇಕೆ? ಆದರೂ ಮರುದಿನ ಪೇಪರು ಬಂದಾಗ ಕೈ ತಾನಾಗಿ ಹವಾಮಾನದ ಪುಟಕ್ಕೆ ಹೋಯಿತು.

“ಜರ್ಮನಿಯ ಮಳೆ ನಿನಗ್ಯಾಕೋ?” ಎಂದ ವಿಲ್ಯೊ.

“ಮೊಣಕಾಲು ನೋವು,” ಎಂದ ತೌನೊ.

“ಮತ್ತೆ ಆಕಾಶ ಯಾಕೆ ನೋಡ್ತೀಯ ಬೆಳಿಗ್ಗೆಯಿಂದ? ಕತ್ತೂ ನೋವಾ?”

ತೌನೊ ಪೇಪರು ಮಡಚಿಟ್ಟ. ಹೆಂಡತಿಗೊಂದು ಪೋಸ್ಟ್‌ಕಾರ್ಡು ಬರೆದ. ‘ಹದಿನಾರು, ಶನಿವಾರ, ನಾಲ್ಕೂವರೆ ಬಸ್ಸು. ತೌನೊ.’ ಹೆಸರಿನ ಮುಂದೆ ‘ನಿನ್ನ’ ಎಂದು ಸೇರಿಸೋಣವೆಂದು ಪೆನ್ನು ಎತ್ತಿದವನು, ಅಂಚೆಯವನು ಓದಿಬಿಟ್ಟಾನು ಎಂದು ಕೆಳಗಿಟ್ಟ.

ಹದಿನಾರನೆಯ ತಾರೀಖು ಬೆಳಗಾಗುವಷ್ಟರಲ್ಲಿ ತೆಂಕಣ ಗಾಳಿ ಬೀಸಿ ಹಿಮವೆಲ್ಲ ಕರಗಿ ಹೋಗಿತ್ತು. ತಂಪೆರೆ ನಿಲ್ದಾಣದಲ್ಲಿ ಬಸ್ಸು ಬದಲಿಸುವಾಗ ತೌನೊ ಗಡ್ಡ ಬೋಳಿಸಿಕೊಂಡ, ಹೊಸ ಟೈ ಕಟ್ಟಿಕೊಂಡ, ಕನ್ನಡಿಯಲ್ಲಿ ಮುಖ ನೋಡಿಕೊಂಡ. ಬಿಸಿಲಿಗೂ ಗಾಳಿಗೂ ಕಂದಿದ ಮುಖ. ಪರವಾಗಿಲ್ಲ, ಆಫ್ರಿಕಾ ಎಂದರೆ ನಂಬಬಹುದು. ಹೆಂಡತಿ ಓಡಿ ಬರುವಾಗ ತಾನು ಯಾವ ಮುಖ ಮಾಡಬೇಕು ಎಂದು ಅಭ್ಯಾಸ ಮಾಡಿದ: ಸ್ವಲ್ಪ ಆಯಾಸ, ಸ್ವಲ್ಪ ಗಾಂಭೀರ್ಯ, ತುಟಿಯ ತುದಿಯಲ್ಲಿ ಕ್ಷಮೆ. ಆಡಬೇಕಾದ ಮಾತನ್ನೂ ಗಟ್ಟಿಮಾಡಿಕೊಂಡ: “ನಿಧಾನ ಲೆಂಪಿ, ನಿಧಾನ. ಬಂದೇ ಬಂದೆನಲ್ಲ.” ಪಕ್ಕದಲ್ಲಿ ಕೈತೊಳೆಯುತ್ತಿದ್ದವನೊಬ್ಬ ಬೇಗ ಬೇಗ ಕೈ ಒರೆಸಿಕೊಂಡು ಹೊರಗೆ ಹೋದ.

ರೌಮಾದಲ್ಲಿ ಬಸ್ಸಿಳಿದಾಗ ನಾಲ್ಕೂವರೆ. ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದರಲ್ಲಿ ವಿಲ್ಯೊ ಹೊಗೆಯಲ್ಲಿ ಬೇಯಿಸಿ ಪೇಪರಿನಲ್ಲಿ ಸುತ್ತಿಕೊಟ್ಟ ಮೀನು. ಮುಖ ಸಿದ್ಧ, ಮಾತು ಸಿದ್ಧ. ದಿಬ್ಬಣದ ಮುಂದಿನ ಮದುಮಗನ ಹಾಗೆ ಹೆಜ್ಜೆ ಹಾಕುತ್ತ ತನ್ನ ಓಣಿಗೆ ತಿರುಗಿದ. ಮನೆ ಇನ್ನು ಆರು ಬಾಗಿಲು ದೂರ.

ಆಗ ತಲೆಯ ಮೇಲೆ, ‘ಸ್ರೀಈಈಈ!’

ತೌನೊ ನಿಂತ. ತಲೆ ಎತ್ತಿದ. ಎರಡು ಕಪ್ಪು ಕುಡುಗೋಲುಗಳು ಚಿಮಣಿಗಳ ನಡುವಿನ ನೀಲಿಯನ್ನು ಕತ್ತರಿಸಿಕೊಂಡು ಹೋದವು. ಅವುಗಳ ಹಿಂದೆ ಮೂರು. ಮೂರರ ಹಿಂದೆ ಇನ್ನೂ ನಾಲ್ಕು! ಓಣಿಯ ಆ ತುದಿಯಲ್ಲಿ ಒಂದೇ ಸಲಕ್ಕೆ ತಿರುಗಿ, ಮಾಡುಗಳ ಮಟ್ಟಕ್ಕೆ ಇಳಿದು, ಕಿರುಚುತ್ತ, ಕೇಕೆ ಹಾಕುತ್ತ, ಶಾಲೆ ಬಿಟ್ಟ ಮಕ್ಕಳ ಹಾಗೆ ಅವನ ಕಿವಿಯ ಪಕ್ಕದಲ್ಲೇ ಹಾದು ಹೋದವು. ರೆಕ್ಕೆಯ ಗಾಳಿ ಕೆನ್ನೆಗೆ ತಾಗಿತು. ಬದುಕಿವೆ! ಜರ್ಮನಿಯ ಮಳೆಗೆ ಸಾಯಲಿಲ್ಲ, ಹಿಮಕ್ಕೆ ಸಾಯಲಿಲ್ಲ, ಅಷ್ಟೂ ಬಂದಿವೆ, ಒಂದು ದಿನ ಮೊದಲೇ ಬಂದಿವೆ!

ಸೂಟ್‌ಕೇಸು ಎಲ್ಲಿ ಬಿತ್ತೋ, ಮೀನು ಎಲ್ಲಿ ಬಿತ್ತೋ. ಅರವತ್ತೊಂದು ವರ್ಷದ ತೌನೊ, ಎಡ ಮೊಣಕಾಲು ಮಡಚದ ತೌನೊ, ಕಲ್ಲುಹಾಸಿನ ಮೇಲೆ ಓಡತೊಡಗಿದ. ಟೈ ಹೆಗಲ ಹಿಂದೆ ಹಾರುತ್ತಿತ್ತು. “ಬಂದ್ವು! ಬಂದ್ವೂ! ಏ, ಎಲ್ಲಾ ಹೊರಗೆ ಬನ್ರೋ, ಬಂದ್ವು!” ಎಂದು ಓಣಿಗೆಲ್ಲ ಸಾರಿದ. ಕಿಟಕಿಗಳು ತೆರೆದುಕೊಂಡವು. ಮೂವತ್ತು ವರ್ಷದಲ್ಲಿ ‘ನಮಸ್ಕಾರ’ಕ್ಕಿಂತ ಉದ್ದದ ಮಾತನ್ನು ತೌನೊನ ಬಾಯಲ್ಲಿ ಕೇಳದ ಮಂದಿ, ಎಲ್ಲೋ ಬೆಂಕಿ ಬಿದ್ದಿದೆ ಎಂದುಕೊಂಡರು.

ಅವನ ತಲೆಯಲ್ಲಿ ಇದ್ದದ್ದು ಒಂದೇ: ಕಾಲುಚೀಲ! ಪೆಟ್ಟಿಗೆಯ ಬಾಯಿ ಮುಚ್ಚಿದೆ! ಆಫ್ರಿಕಾದಿಂದ ಬಂದ ಜೀವಗಳು ಮುಚ್ಚಿದ ಬಾಗಿಲಿಗೆ ಎದೆ ಬಡಿದುಕೊಳ್ಳುತ್ತಿವೆ!

ಅಂಗಳದ ಗೇಟಿನ ಹತ್ತಿರ ನೀಲಿಯಾದ್ದೇನೋ ಅವನ ಕಡೆಗೆ ವೇಗವಾಗಿ ಬಂತು. ಅದಕ್ಕೆ ಎರಡು ಕೈ ಇದ್ದವು, ಎರಡೂ ಚಾಚಿದ್ದವು. ತೌನೊ ಕಣ್ಣನ್ನು ಸೂರಿನಿಂದ ಕದಲಿಸದೆ, ಆ ನೀಲಿಯ ಎರಡು ಭುಜ ಹಿಡಿದು, ಮಳೆ ಬಂದಾಗ ಹೂಕುಂಡವನ್ನು ಸರಿಸಿಡುವ ಹಾಗೆ ಜೋಪಾನವಾಗಿ ಎತ್ತಿ ಪಕ್ಕಕ್ಕಿಟ್ಟ.

“ಸರಿ ಸರಿ, ದಾರಿ ಬಿಡು! ಏಣಿ ಎಲ್ಲಿ?”

ಸೌದೆ ಕೊಟ್ಟಿಗೆಯ ಹಿಂದಿನಿಂದ ಏಣಿ ಎಳೆದು, ಗೋಡೆಗೆ ಒರಗಿಸಿ, ಹತ್ತಿದ. ಕಾಲುಚೀಲ ಕಿತ್ತು ಬಿಸಾಡಿದ. ಅದು ಕೆಳಗೆ ಬೀಳುವುದಕ್ಕಿಲ್ಲ, ಒಂದು ಹಕ್ಕಿ ಅವನ ಕಿವಿಯನ್ನು ಸವರಿಕೊಂಡು, ಬಾಣದ ಹಾಗೆ, ಸೊಂಯ್ ಎಂದು ತೂತಿನೊಳಗೆ ಹೊಕ್ಕಿತು. ಒಳಗಿನಿಂದ ಸಣ್ಣಗೆ, ಮನೆಗೆ ಬಂದವರು ಮಂಚದ ಮೇಲೆ ಉರುಳಿಕೊಂಡಂಥ ಸರಪರ ಸದ್ದು. ಅಷ್ಟು ಸಾಕಾಯಿತು. ತೌನೊ ಏಣಿಯ ತುದಿಯಲ್ಲಿ ಒಂದು ಕೈಯಿಂದ ಸೂರು ಹಿಡಿದು, ಇನ್ನೊಂದು ಕೈಯಿಂದ ಕಣ್ಣೊರೆಸುತ್ತ, ನಗುತ್ತ, ಪೆಟ್ಟಿಗೆಗೆ ಬಾಯಿಟ್ಟು ಹೇಳತೊಡಗಿದ:

“ಬಂದ್ಯಾ ನನ್ನ ರಾಜಾ! ದಾರೀಲಿ ಏನಾದ್ರೂ ತಿಂದ್ಯಾ? ಎಷ್ಟು ಹೆದರಿಸಿಬಿಟ್ಟೆಯೋ! ನಿದ್ದೆ ಮಾಡಿಲ್ಲ ಕಣೋ ನಾನು ನಿನ್ನ ಯೋಚನೇಲಿ!”

ಆಮೇಲೆ ಈ ಶುಭವಾರ್ತೆಯನ್ನು ಹಂಚಿಕೊಳ್ಳೋಣವೆಂದು ಕೆಳಗೆ ನೋಡಿದ.

ಅಂಗಳದಲ್ಲಿ ಹಬ್ಬದ ದಿನದ ಹಾಗೆ ಬಾವುಟ ಏರಿತ್ತು. ಸೇಬಿನ ಮರದ ಕೆಳಗೆ ಬಿಳಿಯ ಹಾಸು ಹಾಸಿದ ಮೇಜು. ಮೇಜಿನ ಮೇಲೆ ಏಲಕ್ಕಿ ಬನ್ನು, ಕೆನೆ ಬಳಿದ ದೊಡ್ಡ ಕೇಕು, ಹಬ್ಬಕ್ಕೆ ಮಾತ್ರ ಹೊರಗೆ ಬರುವ ಚಿನ್ನದ ಗೆರೆಯ ಕಾಫಿ ಬಟ್ಟಲು. ಗೇಟಿನ ಪಕ್ಕದಲ್ಲಿ, ಎತ್ತಿಟ್ಟ ಜಾಗದಲ್ಲೇ, ಲೆಂಪಿ ನಿಂತಿದ್ದಳು. ಮೈಮೇಲೆ ತಂಗಿಯ ಮಗನ ಮದುವೆಗೆ ಹೊಲಿಸಿದ ನೀಲಿ ಉಡುಪು. ತಲೆಗೂದಲು ಅಂಗಡಿಯಲ್ಲಿ ಸುರುಳಿ ಮಾಡಿಸಿಕೊಂಡದ್ದು, ಈ ಸಲ ಪೂರ್ತಿ. ಚಾಚಿದ ಕೈಗಳು ಇನ್ನೂ ಪೂರ್ತಿ ಕೆಳಗಿಳಿದಿರಲಿಲ್ಲ. ಬೇಲಿಯ ಆಚೆ ಹಿಲ್ಕಾ ಕುರ್ಚಿ ಹಾಕಿಕೊಂಡು, ಮಡಿಲಲ್ಲಿ ಹೆಣಿಗೆ ಇಟ್ಟುಕೊಂಡು ಕೂತಿದ್ದಳು.

ನಲವತ್ತು ಮೀಟರು ಎತ್ತರದ ಕ್ರೇನಿನಲ್ಲಿ ಬಾರದಿದ್ದ ತಲೆಸುತ್ತು ತೌನೊನಿಗೆ ನಾಲ್ಕು ಮೀಟರಿನ ಏಣಿಯಲ್ಲಿ ಬಂತು.

“ಲೆಂಪಿ,” ಎಂದ. “ನೀನು… ಓಡಿ ಬಂದ್ಯಾ?”

“ಓಡಿ ಬಂದೆ,” ಎಂದಳು ಲೆಂಪಿ. “ಮೆಟ್ಟಿಲಿಂದ ಗೇಟಿನ ತನಕ ಓಡಿದೆ. ಈ ಎತ್ತರದ ಚಪ್ಪಲೀಲಿ.”

“ನಾನು ಸಾಕ್ಷಿ,” ಎಂದಳು ಹಿಲ್ಕಾ. “ಮೂರು ದಿನದಿಂದ ಕಿಟಕಿ ಒರೆಸ್ತಾ ಇದ್ದಾಳೆ ತೌನೊ, ಬೀದಿ ಕಡೇದು! ಇವತ್ತು ಬೆಳಿಗ್ಗೆಯಿಂದ ಒಂದು ಸಲಾನೂ ತಲೆ ಎತ್ತಿ ಆಕಾಶ ನೋಡ್ಲಿಲ್ಲ ಪುಣ್ಯಾತ್ಗಿತ್ತಿ, ಬಸ್ಸು ಬರೋ ದಾರೀನೇ ನೋಡ್ತಿದ್ಲು. ಹಕ್ಕಿ ಎರಡು ಗಂಟೆಗೇ ಬಂದ್ವು. ಹೇಳೋಣ ಅಂದ್ಕೊಂಡೆ, ‘ಮಾತಾಡಿಸ್ಬೇಡ, ಕೇಕು ಕೆಡುತ್ತೆ’ ಅಂದ್ಲು.”

“ಮನೆ ದೊಡ್ಡದಾಗಿ ಕಾಣ್ಸುತ್ತೆ ಅಂತ ಫೋನಲ್ಲಿ ಹೇಳಿದ್ನಲ್ಲ,” ಎಂದಳು ಲೆಂಪಿ. “ಇನ್ನೂ ಎಷ್ಟು ಬಿಡಿಸಿ ಹೇಳ್ಬೇಕು ಒಬ್ಬ ಮನುಷ್ಯನಿಗೆ?”

ತೌನೊನಿಗೆ ಏಣಿಯಿಂದ ಇಳಿಯಲೂ ನಾಚಿಕೆ, ಮೇಲೇ ಇರಲೂ ನಾಚಿಕೆ. ಪೆಟ್ಟಿಗೆಯ ತೂತು ಇನ್ನೂ ಸ್ವಲ್ಪ ದೊಡ್ಡದಾಗಿದ್ದರೆ ಅದರೊಳಗೇ ಹೊಕ್ಕುಬಿಡುತ್ತಿದ್ದ.

“ಲೆಂಪಿ, ನಾನು ಒಂದು ಸಲ ಹೊರಗೆ ಹೋಗಿ ಮತ್ತೆ ಬರ್ಲಾ?”

ಲೆಂಪಿ ಉಡುಪಿನ ನೆರಿಗೆ ಸರಿಮಾಡಿಕೊಂಡಳು. “ಹೋಗಿ ಬಾ. ನೋಡೋಣ.”

ಇಳಿದ. ಗೇಟು ದಾಟಿ ಓಣಿಗೆ ಹೋದ. ಸೂಟ್‌ಕೇಸು ನಡುಬೀದಿಯಲ್ಲಿ ಮಗುಚಿ ಬಿದ್ದಿತ್ತು. ಮೀನಿನ ಪೊಟ್ಟಣವನ್ನು ಬಂದರಿನ ಎರಡು ಕಡಲಕಾಗೆಗಳು ಬಿಚ್ಚಿಕೊಂಡು ಕೂತಿದ್ದವು. ಅವುಗಳೊಂದಿಗೆ ಜಗಳವಾಡಿ ಅರ್ಧ ಮೀನು ಗೆದ್ದುಕೊಂಡ. ತಂಪೆರೆಯ ಕನ್ನಡಿಯಲ್ಲಿ ಕಲಿತ ಮುಖವನ್ನು ನೆನಪಿಸಿಕೊಂಡ. ಆಯಾಸ ಎಷ್ಟು ಬೇಕೋ ಅಷ್ಟು ಇತ್ತು. ಗಾಂಭೀರ್ಯ ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ. ಕಿಟಕಿಗಳಲ್ಲಿ ನಿಂತಿದ್ದ ಓಣಿಯ ಜನವೆಲ್ಲ ನೋಡುತ್ತಿದ್ದ ಹಾಗೆ, ಟೈಯನ್ನು ಹಿಂದಿನಿಂದ ಮುಂದಕ್ಕೆ ತಂದು, ಬಾಲವಿಲ್ಲದ ಅರ್ಧ ಮೀನನ್ನು ಎದೆಗೆ ಹಿಡಿದು, ತನ್ನ ಮನೆಯ ಗೇಟನ್ನು ಎರಡನೆಯ ಸಲ ಪ್ರವೇಶಿಸಿದ.

ಲೆಂಪಿ ಓಡಲು ಒಂದು ಹೆಜ್ಜೆ ತೆಗೆದಳು. ಇನ್ನೊಂದು ತೆಗೆದಳು. ಅಷ್ಟರಲ್ಲಿ ಅವನ ಮುಖ ನೋಡಿದಳು. ಬಾಯಿ ಮುಚ್ಚಿಕೊಂಡಳು, ಪ್ರಯೋಜನವಾಗಲಿಲ್ಲ. ನಗು ಮೂಗಿನಿಂದ ಹೊರಟಿತು. ಹುಲ್ಲಿನ ಮೇಲೆ, ನೀಲಿ ಉಡುಪಿನಲ್ಲಿ, ಹಾಗೇ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು, ಹೊಸ ಸುರುಳಿಗಳೆಲ್ಲ ಕುಣಿಯುವ ಹಾಗೆ ನಕ್ಕಳು. ಬೇಲಿಯಾಚೆ ಹಿಲ್ಕಾಳ ಹೆಣಿಗೆಯ ಉಂಡೆ ಉರುಳಿಹೋಯಿತು. ತೌನೊ ಸ್ವಲ್ಪ ಹೊತ್ತು ಮೀನು ಹಿಡಿದು ನಿಂತಿದ್ದ; ಆಮೇಲೆ ಅವನಿಗೂ ತಡೆಯಲಾಗಲಿಲ್ಲ, ಹೆಂಡತಿಯ ಪಕ್ಕದಲ್ಲೇ ಹುಲ್ಲಿಗೆ ಬಿದ್ದ. ಉಳಿದ ಎಂಟು ಬಾನಾಡಿಗಳು ಮನೆಯ ಸುತ್ತ ಕಿರುಚುತ್ತ ಸುತ್ತು ಹಾಕುತ್ತಿದ್ದವು. ಕೆಳಗೆ ಇಬ್ಬರು ಮುದುಕರು ಅವಕ್ಕಿಂತ ಜೋರಾಗಿ ಕಿರುಚುತ್ತಿದ್ದರು.

ಕೇಕು ಚೆನ್ನಾಗಿತ್ತು. ಮೀನಿನ ಉಳಿದರ್ಧವನ್ನು ಹಿಲ್ಕಾಳ ಬೆಕ್ಕಿಗೆ ಕೊಟ್ಟರು. ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ, ನಮ್ಮೂರು ಮುಗಿಯಗೊಡಲಿಲ್ಲ. ಸೋಮವಾರ ಸಂತೆಯ ಚೌಕದಲ್ಲಿ ಆಲೂಗೆಡ್ಡೆ ಮಾರುವವಳು, “ದಾರಿ ಬಿಡ್ರಪ್ಪ, ತೌನೊ ಬಂದ!” ಎಂದಳು. ಭಾನುವಾರ ಚರ್ಚಿನ ಬಾಗಿಲಲ್ಲಿ ಪಾದ್ರಿಗಳು ಕೈಕುಲುಕುವಾಗ, ತಾವೇ ಮುಂಜಾಗ್ರತೆಯಿಂದ ಪಕ್ಕಕ್ಕೆ ಸರಿದು ನಿಂತರು. ಬಂದರಿನ ಹಳೆಯ ಗೆಳೆಯರ ಕಾಫಿಕೂಟದಲ್ಲಿ ಹೆಂಡತಿಯ ಮೇಲೆ ದೂರು ಹೇಳಿ ಅನುಕಂಪ ಗಿಟ್ಟಿಸುವುದು ತೌನೊನ ಬಹುಕಾಲದ ಹಕ್ಕಾಗಿತ್ತು. ಅಂದಿನಿಂದ ಅದೂ ಹೋಯಿತು. ಬಾಯಿ ತೆರೆದರೆ ಸಾಕು, “ನೀನು ಸುಮ್ಮನಿರಪ್ಪ, ನೀಲಿ ಉಡುಪು ಎತ್ತಿಟ್ಟವನು,” ಎಂದು ನಾಲ್ಕು ಜನ ಒಟ್ಟಿಗೆ ಹೇಳುತ್ತಿದ್ದರು.

ಈಗ ಆ ಮನೆಯಲ್ಲಿ ಕೊರಗು ಏನಿದ್ದರೂ ಲೆಂಪಿಯದು. ಮಾತಿನ ಜಿಪುಣಿಯಾಗಿದ್ದವಳು ಈ ಒಂದು ವಿಷಯದಲ್ಲಿ ಧಾರಾಳಿಯಾಗಿಬಿಟ್ಟಿದ್ದಾಳೆ. ಯಾರೇ ಕಾಫಿಗೆ ಬರಲಿ, ಕಸದ ಚೀಲದಿಂದ ಹಿಡಿದು ಸವಿಸ್ತಾರವಾಗಿ ಹೇಳುತ್ತಾಳೆ. ಅಷ್ಟು ಹೊತ್ತೂ ತೌನೊ ತಟ್ಟೆ ಹಿಡಿದು ಬನ್ನು ಹಂಚಬೇಕು. ಗೇಟಿನ ಘಟ್ಟಕ್ಕೆ ಬಂದಾಗ ಲೆಂಪಿ ಕುರ್ಚಿಯಿಂದ ಏಳುತ್ತಾಳೆ. “ಹೇಗೆ ಎತ್ತಿಟ್ಟ ಗೊತ್ತಾ? ಹೀಗೆ!” ಎಂದು ಗಂಡನ ಎರಡು ಭುಜ ಹಿಡಿದು, ತಟ್ಟೆಯ ಸಮೇತ, ಅವನನ್ನು ಒಲೆಯ ಪಕ್ಕಕ್ಕೆ ಸರಿಸಿ ತೋರಿಸುತ್ತಾಳೆ. ನೆಂಟರು ನಗುತ್ತಾರೆ. ನಗು ನಿಂತ ಮೇಲೂ ಅವಳ ಕೈ ಆ ಭುಜದ ಮೇಲೆ ಸ್ವಲ್ಪ ಹೊತ್ತು ಇರುತ್ತದೆ. ಕತೆಗೆ ಬೇಕಾದದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ.

ತೌನೊ ಇದರ ವಿರುದ್ಧ ಯಾರಲ್ಲೂ ದೂರು ಹೇಳಿಲ್ಲ. ಮೊನ್ನೆ ಮೀಟರು ಓದಲು ಬಂದ ವಿದ್ಯುತ್ ಇಲಾಖೆಯವನನ್ನು ಬಲವಂತವಾಗಿ ಒಳಗೆ ಕರೆದು ಕೂರಿಸಿ, ತಾನೇ ಕಾಫಿ ಬಗ್ಗಿಸಿ, ಅಡಿಗೆಮನೆಯ ಕಡೆಗೆ ಕೂಗಿದನಂತೆ:

“ಲೆಂಪೀ, ಇವರಿಗಿನ್ನೂ ಹೇಳಿಲ್ವಲ್ಲ ನೀನು?”